ನೆಲದಿಂದ ಒಂದು ಗೇಣು

25 ಕಂತು ಮುಗಿಯಿತು. ಕೊನೆಯ ದೃಶ್ಯದಲ್ಲಿ ಹುಡುಗಿ ಪೊರಕೆಯ ಮೇಲೆ ಕೂರುತ್ತಾಳೆ, ಉಸಿರು ಬಿಗಿಹಿಡಿದು ಮಂತ್ರ ಹೇಳುತ್ತಾಳೆ. ಪೊರಕೆ ಏಳುತ್ತದೆ. ಎಷ್ಟು ಎತ್ತರಕ್ಕೆ? ಒಂದು ಗೇಣು ಅಂದರೂ ಧಾರಾಳವಾಯಿತು. ಪರದೆಯ ಮೇಲೆ ಎಲ್ಲರಿಗೂ ಸಂಭ್ರಮ. ನಮ್ಮ ಮನೆಯ ಸೋಫಾದ ಮೇಲೆ ಮಾತ್ರ ಸೂತಕದ ಕಳೆ. ಬೇಸಿಗೆ ರಜೆಯ ಎರಡು ವಾರ ಇದಕ್ಕೇ ಮೀಸಲಿಟ್ಟಿದ್ದ ಅಣ್ಣನ ಮಗಳು ನನ್ನ ಕಡೆ ತಿರುಗಿದಳು: "ಅತ್ತೆ, ಇಷ್ಟೇನಾ? ಇಷ್ಟು ಹಾರೋಕೆ ಅಷ್ಟೊಂದು ಸಲ ಬಿದ್ಲಾ?"

ಅಲ್ಲೇ ಉತ್ತರ ಕೊಡಲು ಆಗಲಿಲ್ಲ. ಅವಳಿಗೆ ಬಾಕಿ ಉಳಿಸಿಕೊಂಡ ಉತ್ತರವೇ ಈ ವಾರದ ಅಂಕಣ.

ನಾವು ನೋಡಿದ್ದು ಅನಿಮೆ, ಎಂದರೆ ಜಪಾನಿ ಅನಿಮೇಷನ್ ಸರಣಿ. ಹೆಸರು 'ಲಿಟಲ್ ವಿಚ್ ಅಕಾಡೆಮಿಯಾ'. ಮಾಡಿದವರು ಜಪಾನಿನ ಸ್ಟುಡಿಯೊ ಟ್ರಿಗರ್, ನಿರ್ದೇಶಕ ಯೋ ಯೋಶಿನಾರಿ. 2017ರ ಜನವರಿಯಿಂದ ಜೂನ್‌ವರೆಗೆ ಅಲ್ಲಿನ ಟಿ.ವಿ.ಯಲ್ಲಿ ಬಂತು, ಆಮೇಲೆ ನೆಟ್‌ಫ್ಲಿಕ್ಸ್ ಹಿಡಿದು ಊರೂರು ಸುತ್ತಿತು. ಮಕ್ಕಳ ಕಾರ್ಯಕ್ರಮದ ಹಾಗೆ ಕಾಣುವ ಇದನ್ನು ಟೋಕಿಯೊದಲ್ಲಿ ತೋರಿಸುತ್ತಿದ್ದದ್ದು ಭಾನುವಾರ ನಡುರಾತ್ರಿ, ಮಕ್ಕಳೆಲ್ಲ ಮಲಗಿದ ಮೇಲೆ. ಅದು ಯಾಕೆಂಬುದಕ್ಕೆ ಮುಂದೆ ಬರುತ್ತೇನೆ.

ನಾಯಕಿ ಅತ್ಸುಕೊ ಕಗಾರಿ, ಎಲ್ಲರ ಬಾಯಲ್ಲಿ ಅಕ್ಕೊ. (ನಮ್ಮ ಮನೆಯಲ್ಲಿ ಎರಡನೇ ಕಂತಿನ ಹೊತ್ತಿಗೇ ಅವಳು 'ಅಕ್ಕ' ಆಗಿದ್ದಳು.) ಜಪಾನಿನ ಸಾಧಾರಣ ಮನೆಯ ಮಗು. ಚಿಕ್ಕಂದಿನಲ್ಲಿ ಶೈನಿ ಚಾರಿಯಟ್ ಎಂಬ ಮಾಟಗಾತಿಯ ಪ್ರದರ್ಶನ ನೋಡಿ ಮರುಳಾದವಳು. ತಾನೂ ಹಾಗೇ ಆಗಬೇಕೆಂದು ಸಮುದ್ರ ದಾಟಿ, ಇಂಗ್ಲೆಂಡನ್ನು ಹೋಲುವ ನಾಡಿನ ಲೂನಾ ನೋವಾ ಎಂಬ ಹೆಣ್ಣುಮಕ್ಕಳ ಮಾಟಶಾಲೆಗೆ ಸೇರುತ್ತಾಳೆ. ಉಳಿದ ಹುಡುಗಿಯರು ಬಹುಪಾಲು ತಲೆತಲಾಂತರದ ಮಾಟಗಾತಿ ಮನೆತನದವರು. ಅವರಿಗೆ ಪೊರಕೆ ಹತ್ತುವುದೆಂದರೆ ನಮಗೆ ಸೈಕಲ್ ಇದ್ದ ಹಾಗೆ. ಅಕ್ಕೊಗೆ ಪೊರಕೆ ಅಲುಗುವುದೂ ಇಲ್ಲ. ನಮ್ಮ ಕಡೆ ಪೊರಕೆಗೆ ಕಾಲು ತಾಗಿದರೆ ಲಕ್ಷ್ಮಿ ಎಂದು ಕಣ್ಣಿಗೊತ್ತಿಕೊಳ್ಳುತ್ತೇವೆ. ಈ ಹುಡುಗಿ ಅದರ ಮೇಲೆ ಕೂತು ಗೋಗರೆದರೂ ದೇವಿಗೆ ಕರುಣೆಯಿಲ್ಲ.

ಪ್ರತಿಭೆ ಇಲ್ಲದಿದ್ದರೇನು, ಶ್ರಮಪಡುವವಳಿರಬೇಕು ಅಂದುಕೊಂಡರೆ ಅದೂ ಅಲ್ಲ. ಪಾಠದ ಹೊತ್ತಿಗೆ ನಿದ್ದೆ ಹೊಡೆಯುತ್ತಾಳೆ. ಮೊದಲ ಮೆಟ್ಟಿಲು ಬಿಟ್ಟು ಹತ್ತನೆಯದಕ್ಕೆ ಕಾಲು ಹಾಕುತ್ತಾಳೆ. ಹಠ, ಬಾಯಿ, ದುಡುಕು ಮೂರೂ ಹೆಚ್ಚು. ಕತೆಗಾರರು ಅವಳನ್ನು ಪಾಪದ ಹುಡುಗಿ ಮಾಡಿ ನಮ್ಮ ಕನಿಕರ ಗಿಟ್ಟಿಸಲು ಹೋಗದೇ ಇದ್ದದ್ದು ನನಗೆ ಮೊದಲು ಹಿಡಿಸಿದ ಸಂಗತಿ. ಅವಳ ಬಳಿ ಇರುವುದು ಆಸೆಯೊಂದೇ. ಅದು ಮಾತ್ರ ಮೂರು ಜನಕ್ಕೆ ಸಾಲುವಷ್ಟಿದೆ.

ಮಾಟಶಾಲೆ ಎಂದ ಕೂಡಲೇ ಎಲ್ಲರೂ ಹ್ಯಾರಿ ಪಾಟರ್ ಹೆಸರು ಹೇಳುತ್ತಾರೆ. ಆದರೆ ಹ್ಯಾರಿ ಶಾಲೆಯ ಬಾಗಿಲು ತುಳಿಯುವ ಮೊದಲೇ ಆ ಲೋಕಕ್ಕೆಲ್ಲ ಹೆಸರುವಾಸಿ. ಅವನಿಗಾಗಿ ಕಾಗದ ಹುಡುಕಿಕೊಂಡು ಬರುತ್ತದೆ. ಅಕ್ಕೊಗೆ ಹತ್ತಿರದ ನೆಂಟಳು ಬೇರೊಬ್ಬಳಿದ್ದಾಳೆ. ಇಂಗ್ಲೆಂಡಿನ ಜಿಲ್ ಮರ್ಫಿ 1974ರಲ್ಲಿ ಹೊರತಂದ 'ದ ವರ್ಸ್ಟ್ ವಿಚ್' ಪುಸ್ತಕದ ಮಿಲ್ಡ್ರೆಡ್ ಹಬಲ್: ಮಾಟಶಾಲೆಯ ಅತಿ ದಡ್ಡ ವಿದ್ಯಾರ್ಥಿನಿ, ಪೊರಕೆ ಮುರಿದುಕೊಳ್ಳುವವಳು, ಕಷಾಯ ಕೆಡಿಸುವವಳು. ಅದಕ್ಕೂ ಹಿಂದೆ ಎನಿಡ್ ಬ್ಲೈಟನ್‌ಳ ಹಾಸ್ಟೆಲ್ ಶಾಲೆಯ ಕತೆಗಳಿವೆ. ಅವಳ ಸೇಂಟ್ ಕ್ಲೇರ್ಸ್ ಕಾದಂಬರಿಗಳನ್ನು ಜಪಾನೀಯರು 1991ರಲ್ಲೇ ಅನಿಮೆ ಸರಣಿಯಾಗಿ ಮಾಡಿದ್ದರು. ಲೂನಾ ನೋವಾದ ಪಕ್ಕದ ಪೇಟೆಗೆ ಇಟ್ಟಿರುವ ಹೆಸರು ಬ್ಲೈಟನ್‌ಬರಿ. ಋಣ ತೀರಿಸುವ ಚೆಂದದ ಬಗೆ. ಬೆಂಗಳೂರು, ಮೈಸೂರಿನ ಬಾಡಿಗೆ ಲೈಬ್ರರಿಗಳಿಂದ ಬ್ಲೈಟನ್ ಪುಸ್ತಕ ತಂದು ರಾತ್ರಿ ಹೊದಿಕೆಯೊಳಗೆ ಟಾರ್ಚ್ ಹಚ್ಚಿ ಓದಿದ ನನ್ನ ವಯಸ್ಸಿನವರಿಗೆ ಆ ಫಲಕ ಕಂಡೊಡನೆ ತುಟಿ ಅರಳುತ್ತದೆ.

ಇನ್ನೊಂದು ಬೇರು ಜಪಾನಿನದೇ. ಅಲ್ಲಿ ಟಿ.ವಿ. ಅನಿಮೆಗೆ ಬಂದ ಮೊದಲ ಮಾಟದ ಹುಡುಗಿಯರು ಇಬ್ಬರು. 1966ರ ಸ್ಯಾಲಿ ಮಾಟಲೋಕದ ರಾಜಕುಮಾರಿ, ಹುಟ್ಟಿನಿಂದಲೇ ಶಕ್ತಿವಂತೆ. 1969ರಲ್ಲಿ ಟಿ.ವಿ.ಗೆ ಬಂದ ಇನ್ನೊಬ್ಬಳು ಮಾಮೂಲಿ ಮನೆಯ ಹುಡುಗಿ. ಮಾಟದ ಕನ್ನಡಿಯೊಂದು ಅವಳ ಕೈಗೆ ಸಿಗುತ್ತದೆ, ಅದರಿಂದ ಬೇಕಾದ ರೂಪ ತಾಳುತ್ತಾಳೆ. ಅವಳ ಹೆಸರು ಅತ್ಸುಕೊ ಕಗಾಮಿ, ಮುದ್ದಿಗೆ ಅಕ್ಕೊ-ಚಾನ್. 'ಕಗಾಮಿ' ಎಂದರೆ ಜಪಾನಿ ಭಾಷೆಯಲ್ಲಿ ಕನ್ನಡಿ. ಅತ್ಸುಕೊ ಕಗಾಮಿ, ಅತ್ಸುಕೊ ಕಗಾರಿ: ಒಂದಕ್ಷರದ ಅಂತರ. ನಮ್ಮ ಅಕ್ಕೊಗೆ ಏನೂ ಬರದಿದ್ದರೂ ರೂಪ ಬದಲಿಸುವ ವಿದ್ಯೆ ಅಷ್ಟಿಷ್ಟು ಒಲಿಯುವುದು ಕಾಕತಾಳೀಯ ಅಲ್ಲ. ಹುಟ್ಟಿನಿಂದ ಬಂದ ಶಕ್ತಿ ಒಂದು, ಯಾರೋ ಕೊಟ್ಟ ಶಕ್ತಿ ಇನ್ನೊಂದು. ಅರ್ಧ ಶತಮಾನ ಜಪಾನಿನ ಮಾಟದ ಹುಡುಗಿಯರು ಬಹುಪಾಲು ಈ ಎರಡು ದಾರಿಯಲ್ಲೇ ಬಂದರು. ಅಕ್ಕೊಗೆ ಹುಟ್ಟಿನದ್ದೂ ಇಲ್ಲ, ಕನ್ನಡಿಯೂ ಇಲ್ಲ. ಕಲಿತೇ ತೀರಬೇಕು.

ಕಲಿಯುವುದು. ಈ ಸರಣಿಯ ಹುಟ್ಟಿನ ಕತೆಯೂ ಅದೇ, ಮತ್ತು ನನ್ನ ಮಟ್ಟಿಗೆ ಅದು ಮಾಟಶಾಲೆಯ ಕತೆಗಿಂತ ಒಂದು ಕೈ ಮೇಲು.

ಅನಿಮೆ ಹೇಗೆ ತಯಾರಾಗುತ್ತದೆಂದು ಸ್ವಲ್ಪ ಹೇಳಬೇಕು. ಹುಡುಗಿಯೊಬ್ಬಳು ಕೈ ಎತ್ತುತ್ತಾಳೆ ಅಂದುಕೊಳ್ಳಿ. ಕೈ ಕೆಳಗಿರುವ ಚಿತ್ರ, ಅರ್ಧಕ್ಕೆ ಬಂದ ಚಿತ್ರ, ಪೂರ್ತಿ ಮೇಲಿರುವ ಚಿತ್ರ: ಇಂಥ ಮುಖ್ಯ ಭಂಗಿಗಳನ್ನು ಪಳಗಿದ ಕಲಾವಿದರು ಬರೆಯುತ್ತಾರೆ. ಅದಕ್ಕೆ ಗೆಂಗಾ ಎನ್ನುತ್ತಾರೆ. ಒಂದು ಭಂಗಿಗೂ ಇನ್ನೊಂದಕ್ಕೂ ನಡುವಿನ ಚಿತ್ರಗಳನ್ನು ತುಂಬುವ ಕೆಲಸ ದೋಗಾ. ಹೊಸಬರು ಕೂರುವುದು ದೋಗಾ ಮೇಜಿಗೆ. ಗೆರೆ ಸ್ವಚ್ಛವಿರಬೇಕು, ಅಳತೆ ತಪ್ಪಬಾರದು, ತನ್ನದೇ ಕೈಚಳಕ ತೋರಿಸಬಾರದು. ಕೂಲಿ ಸಾಮಾನ್ಯವಾಗಿ ಚಿತ್ರಕ್ಕಿಷ್ಟು ಎಂದು. ನಮ್ಮ ದಕ್ಷಿಣ ಕನ್ನಡದಲ್ಲಿ ಬೀಡಿ ಕಟ್ಟುವವರಿಗೆ ಸಾವಿರಕ್ಕಿಷ್ಟು ಎಂದು ಎಣಿಸಿ ಕೊಡುತ್ತಾರಲ್ಲ, ಅದೇ ಲೆಕ್ಕ. ಅನಿಮೇಷನ್ ಕಲಾವಿದರು 2007ರಲ್ಲಿ ಕಟ್ಟಿಕೊಂಡ ಜಾನಿಕಾ ಎಂಬ ಸಂಘ 2015ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ದೋಗಾ ಕಲಾವಿದರ ಸರಾಸರಿ ವರಮಾನ ವರ್ಷಕ್ಕೆ ಸುಮಾರು 11 ಲಕ್ಷ ಯೆನ್. ತಿಂಗಳಿಗೆ ಒಂದು ಲಕ್ಷ ಯೆನ್ ಕೂಡ ಆಗಲಿಲ್ಲ. ಟೋಕಿಯೊದಂಥ ಊರಿನಲ್ಲಿ ಕೋಣೆ ಬಾಡಿಗೆ ಕೊಟ್ಟು ಅನ್ನ ತಿನ್ನುವುದಕ್ಕೆ ಅದು ಸಾಲದು. ಹೀಗಾಗಿ ಕಲಿಯಲು ಬಂದವರು ಕಲಿತು ಮುಗಿಯುವ ಮೊದಲೇ ಬೇರೆ ಕೆಲಸ ನೋಡಿಕೊಳ್ಳುತ್ತಾರೆ. ದೋಗಾ ಕೆಲಸದ ದೊಡ್ಡ ಪಾಲು ಹೊರದೇಶಗಳ ಸ್ಟುಡಿಯೊಗಳಿಗೆ ಹೋಗುವುದರಿಂದ ಒಳಗಿನ ಹೊಸಬರಿಗೆ ಹಿರಿಯರ ಪಕ್ಕ ಕೂತು ಕೈ ತಿದ್ದಿಕೊಳ್ಳುವ ಅವಕಾಶವೂ ಕಡಿಮೆ.

ಇದನ್ನು ಕಂಡು ಜಪಾನ್ ಸರ್ಕಾರದ ಸಂಸ್ಕೃತಿ ಇಲಾಖೆ 2010ರಲ್ಲಿ ಯುವ ಅನಿಮೇಟರುಗಳ ತರಬೇತಿ ಯೋಜನೆಗೆ ಹಣ ಕೊಡತೊಡಗಿತು. ಆಗ ನಡೆಸುವ ಹೊಣೆ ಜಾನಿಕಾ ಸಂಘದ್ದಾಗಿತ್ತು. 'ಅನಿಮೆ ಮಿರಾಯ್' ಎಂಬ ಹೆಸರಿನಲ್ಲಿ ಅದು ಪ್ರಸಿದ್ಧವಾಯಿತು. ಮಿರಾಯ್ ಎಂದರೆ ನಾಳೆ, ಭವಿಷ್ಯ. ಪ್ರತಿವರ್ಷ ನಾಲ್ಕು ಸ್ಟುಡಿಯೊಗಳನ್ನು ಆರಿಸಿ ತಲಾ 3.8 ಕೋಟಿ ಯೆನ್ ಕೊಡುತ್ತಿದ್ದರು; ಅವರು ಹೊಸಬರನ್ನು ಕೂರಿಸಿಕೊಂಡು ಸುಮಾರು 25 ನಿಮಿಷದ ಚಿತ್ರವೊಂದನ್ನು ಮಾಡಬೇಕಿತ್ತು. 2013ರ ಸರದಿಯಲ್ಲಿ ಆಯ್ಕೆಯಾದವುಗಳಲ್ಲಿ ಟ್ರಿಗರ್ ಒಂದು. ಗೈನಾಕ್ಸ್ ಸ್ಟುಡಿಯೊ ಬಿಟ್ಟುಬಂದ ಹಿರೊಯುಕಿ ಇಮಾಯಿಶಿ ಮತ್ತು ಮಸಾಹಿಕೊ ಒತ್ಸುಕಾ 2011ರಲ್ಲಿ ಕಟ್ಟಿದ ಈ ಸಂಸ್ಥೆಗೆ ಆಗ ಇನ್ನೂ ಎರಡು ವರ್ಷ ತುಂಬಿರಲಿಲ್ಲ. ಅಂದರೆ ಕಲಿಸಬೇಕಾದವರ ಮನೆಯೇ ಹೊಸದು.

ನಿರ್ದೇಶನಕ್ಕೆ ಕೂತ ಯೋಶಿನಾರಿ ಮಾತ್ರ ಪಳಗಿದ ಕೈ. 'ಇವಾಂಗೆಲಿಯನ್' ಅನಿಮೆಯ ಕಾಲದಿಂದ ಗೆರೆ ಎಳೆದವರು, ಓರಗೆಯವರು ಕೈ ಮುಗಿಯುವಂಥ ಚಿತ್ರಕಾರ. ಅಂಥವರು ಹೊಸಬರ ಗುಂಪಿಗೆ ಪಾಠ ಮಾಡುವ ಚಿತ್ರಕ್ಕೆ ಏನು ಕತೆ ಆರಿಸಿಕೊಂಡರು ನೋಡಿ: ಬೆರಗಿನ ಪ್ರದರ್ಶನವೊಂದನ್ನು ನೋಡಿ ಮರುಳಾಗಿ, ಕೈಯಲ್ಲಿ ವಿದ್ಯೆಯಿಲ್ಲದೆ, ಶಾಲೆಯ ಬಾಗಿಲಿಗೆ ಬಂದು ನಿಂತ ಹುಡುಗಿ. ಬರೆಯುತ್ತಿದ್ದ ಮೇಜಿಗೂ ಬರೆಯುತ್ತಿದ್ದ ಕತೆಗೂ ನಡುವೆ ಗೋಡೆಯೇ ಇಲ್ಲ. ಆ ದೋಗಾ ಮೇಜುಗಳಲ್ಲಿ ಕೂತಿದ್ದವರೆಲ್ಲ ಎಂದೋ ಯಾವುದೋ ಅನಿಮೆ ನೋಡಿ ಇದೇ ಬೇಕು ಎಂದು ಹಟ ಹಿಡಿದು ಬಂದವರೇ ಇರಬೇಕಲ್ಲ.

2013ರ ಮಾರ್ಚ್ 2ರಂದು ಚಿತ್ರ ತೆರೆಗೆ ಬಂತು. ಕತೆ ಸರಳ. ಶಾಲೆಯ ನೆಲಮಾಳಿಗೆಯಲ್ಲಿ ನಿಧಿ ಹುಡುಕುವ ಪಂದ್ಯ, ಜಾಣೆಯ ಗುಂಪಿನ ಎಡವಟ್ಟಿನಿಂದ ಬಿಡುಗಡೆಯಾದ ಹಳೇ ಡ್ರ್ಯಾಗನ್, ದಡ್ಡಿಯ ಕೈಗೆ ಸಿಕ್ಕ ಮಂತ್ರದಂಡ. ಆದರೆ ಅದರ ಚಲನೆಯಲ್ಲಿ ಒಂದು ಕುಣಿತವಿತ್ತು. ಮುಖಗಳು ರಬ್ಬರಿನಂತೆ ಹಿಗ್ಗುತ್ತವೆ, ಕುಗ್ಗುತ್ತವೆ. ಹುಡುಗಿ ಬಿದ್ದರೆ ಇಡೀ ಮೈ ಬೀಳುತ್ತದೆ. ಟಾಮ್ ಆ್ಯಂಡ್ ಜೆರಿ ನೋಡಿ ಬೆಳೆದವರಿಗೆ ಇದು ಹಳೆಯ ಪರಿಚಯದ ಸುಖ. ಟ್ರಿಗರ್‌ನವರು ಚಿತ್ರವನ್ನು ಇಂಗ್ಲಿಷ್ ಅಡಿಬರಹ ಸಮೇತ ಯೂಟ್ಯೂಬ್‌ಗೆ ಹಾಕಿದರು. ಹೊರದೇಶದವರು ಮುಗಿಬಿದ್ದರು.

ಆಮೇಲೆ ನಡೆದದ್ದು ಆ ಉದ್ಯಮದಲ್ಲಿ ಯಾರೂ ಎಣಿಸಿರದ ಸಂಗತಿ. ಎರಡನೇ ಚಿತ್ರಕ್ಕೆ 20 ನಿಮಿಷದಷ್ಟು ಹಣವಿತ್ತು. ಇನ್ನೊಂದು 15 ನಿಮಿಷ ಸೇರಿಸಬೇಕೆಂದು 2013ರ ಜುಲೈ 8ರಂದು ಕಿಕ್‌ಸ್ಟಾರ್ಟರ್‌ನಲ್ಲಿ ವಂತಿಗೆ ಕೇಳಿದರು. ಬೇಕಿದ್ದದ್ದು 1.5 ಲಕ್ಷ ಡಾಲರ್. ಕೆಲವೇ ಗಂಟೆಗಳಲ್ಲಿ ಅಷ್ಟೂ ಬಂತು. ಕೊನೆಗೆ 7,938 ಮಂದಿ ಸೇರಿ ಕೊಟ್ಟದ್ದು 6,25,518 ಡಾಲರ್. 2015ರ ಅಕ್ಟೋಬರಿನಲ್ಲಿ ಬಂದ 'ದ ಎನ್‌ಚಾಂಟೆಡ್ ಪರೇಡ್' ಹತ್ತಿರ ಹತ್ತಿರ ಒಂದು ಗಂಟೆಯಷ್ಟು ಬೆಳೆದಿತ್ತು. ಅದಾದ ಮೇಲೆ ಟಿ.ವಿ. ಸರಣಿ. ಅಭ್ಯಾಸ ಪುಸ್ತಕದ ಹಾಳೆಯೊಂದು ಹೀಗೆ 25 ಕಂತಿನ ಗ್ರಂಥವಾಯಿತು.

ಆ ಎರಡನೇ ಚಿತ್ರದ ಬಗ್ಗೆ ಒಂದು ಮಾತು. ಊರಿನ ಹಬ್ಬದ ಮೆರವಣಿಗೆಯಲ್ಲಿ ಮಾಟಗಾತಿಯರನ್ನು ಹಿಂದೆ ಹೇಗೆ ಬೇಟೆಯಾಡಿದರೆಂದು ತೋರಿಸುವ ಪದ್ಧತಿ. ಶಾಲೆಯ ಹುಡುಗಿಯರು ನಿಂತು ಹೊಡೆತ ತಿನ್ನಬೇಕು, ಜನ ನಗಬೇಕು. ಅಕ್ಕೊ ಅದನ್ನು ಸಂತೋಷದ ಮೆರವಣಿಗೆ ಮಾಡಲು ಹೊರಡುತ್ತಾಳೆ. 'ಮಾಟಗಾತಿ' ಎಂಬ ಪದವೇ ಬೈಗುಳವಾಗಿರುವ ಕನ್ನಡದಲ್ಲಿ ಕೂತು ಇದನ್ನು ನೋಡುವಾಗ ಮನಸ್ಸಿಗೆ ಸ್ವಲ್ಪ ಚುರುಕ್ ಎನ್ನುತ್ತದೆ.

ಈಗ ಶೈನಿ ಚಾರಿಯಟ್ ವಿಷಯಕ್ಕೆ. ಅಕ್ಕೊಗೆ ಅವಳು ದೇವರು. ಲೂನಾ ನೋವಾದ ದೊಡ್ಡವರ ಬಾಯಲ್ಲಿ ಅವಳ ಹೆಸರು ಬಂದರೆ ಮೂಗು ಮುರಿಯುತ್ತಾರೆ. ಪವಿತ್ರವಾದ ಪರಂಪರೆಯನ್ನು ತಂದು ರಂಗದ ಮೇಲೆ ಪಟಾಕಿಯಂತೆ ಸುಟ್ಟವಳು, ಜನಮರುಳು ಮಾಡುವವಳು. ಕನ್ನಡದಲ್ಲಿ ಈ ಭೇದಕ್ಕೆ ಬೇರೆ ಬೇರೆ ಪದಗಳೇ ಇವೆ: ಮಂತ್ರವಿದ್ಯೆ ಒಂದು, ಇಂದ್ರಜಾಲ ಇನ್ನೊಂದು. ಒಂದಕ್ಕೆ ಭಯಭಕ್ತಿ, ಇನ್ನೊಂದಕ್ಕೆ ಟಿಕೆಟ್. ಕಂಪನಿ ನಾಟಕದವರ ಬಗ್ಗೆ ಗಂಭೀರ ರಂಗಭೂಮಿಯವರು ಒಂದು ಕಾಲಕ್ಕೆ ಆಡುತ್ತಿದ್ದ ಮಾತುಗಳನ್ನು ಲೂನಾ ನೋವಾದ ಪ್ರಾಧ್ಯಾಪಕಿಯರ ಬಾಯಿಗೆ ಹಾಕಿದರೂ ನಡೆಯುತ್ತದೆ. ಅನಿಮೆ ನೋಡಿ ಚಿತ್ರಕಾರನಾಗಲು ಬಂದವನಿಗೂ ಇಂಥ ಮಾತು ಹೊಸದಲ್ಲ. ಇಂಥದ್ದನ್ನು ನೋಡಿ ಬಂದೆಯಾ?

ಆದರೆ ಶಾಲೆಯ ಸ್ಥಿತಿ ನೋಡಿದರೆ ಬಿಗುಮಾನಕ್ಕೆ ಆಧಾರವೇ ಇಲ್ಲ. ಹೊರಲೋಕಕ್ಕೆ ಮಾಟ ಬೇಕಾಗಿಲ್ಲ. ವಿದ್ಯಾರ್ಥಿನಿಯರು ಕಡಿಮೆಯಾಗಿದ್ದಾರೆ, ಬೊಕ್ಕಸ ಖಾಲಿ. ಅಕ್ಕೊಳಂಥ ಹೊರಗಿನವರಿಗೆ ಸೀಟು ಸಿಕ್ಕಿದ್ದೂ ಅದೇ ಕಾರಣಕ್ಕೆ. ಒಂದು ಕಂತಿನಲ್ಲಿ ಶಾಲೆಗೆ ಸಾಲ ಕೊಟ್ಟ ಡ್ರ್ಯಾಗನ್ ಬಾಕಿ ವಸೂಲಿಗೆ ನಿಲ್ಲುತ್ತದೆ. ಕಂಪ್ಯೂಟರ್ ಇಟ್ಟುಕೊಂಡು ಷೇರು ವ್ಯವಹಾರ ನಡೆಸುವ ಡ್ರ್ಯಾಗನ್! ಕೊನೆಗೆ ಸಾಲಪತ್ರವನ್ನು ಓದಿ ಅದರೊಳಗಿನ ಮೋಸ ಹಿಡಿಯುವುದು ಮಾಟವಲ್ಲ, ಡಯಾನಾ ಎಂಬ ಹುಡುಗಿಯ ಭಾಷಾಜ್ಞಾನ. ಇನ್ನೊಂದರಲ್ಲಿ ಶಾಲೆಯ ಕೆಲಸ ಮಾಡುವ ಯಕ್ಷರು ಮುಷ್ಕರ ಹೂಡುತ್ತಾರೆ. ಕೂಲಿಯ ವಿಷಯ ಗೊತ್ತಿದ್ದವರು ಬರೆದ ಕಂತು ಅದು ಎಂದು ನನಗೆ ಅನುಮಾನ.

ಡಯಾನಾ ಕ್ಯಾವೆಂಡಿಶ್ ಶಾಲೆಯ ಮೊದಲನೇ ಸ್ಥಾನದ ಹುಡುಗಿ: ದೊಡ್ಡ ಮನೆತನ, ತಣ್ಣನೆಯ ಮಾತು. ಇಂಥ ಕತೆಗಳಲ್ಲಿ ಅವಳು ಅಸೂಯೆಯ ಗೊಂಬೆಯಾಗಿ ಉಳಿಯಬೇಕು. ಇಲ್ಲಿ ಹಾಗಾಗುವುದಿಲ್ಲ. ಯಾಕೆಂದು ಹೇಳಲು ಕತೆಯ ಗುಟ್ಟು ಒಡೆಯಬೇಕು. ಸರಣಿ ನೋಡಬೇಕೆಂದಿರುವವರು ಮುಂದಿನ ಮೂರು ಪ್ಯಾರಾ ಹಾರಿಬಿಡಿ. ಈ ಬರಹದಲ್ಲಿ ಹಾರುವುದು ಸುಲಭವಿರುವ ಜಾಗ ಅದೊಂದೇ.

ಅಕ್ಕೊ ಹುಟ್ಟಿನಿಂದ ಶಕ್ತಿಹೀನಳಲ್ಲ. ಶೈನಿ ಚಾರಿಯಟ್ ತನ್ನ ಪ್ರದರ್ಶನಕ್ಕೆ ಬೇಕಾದ ಬಲವನ್ನು ಪ್ರೇಕ್ಷಕರಿಂದಲೇ ಹೀರುತ್ತಿದ್ದಳು. ಆ ತಂತ್ರ ಕೊಟ್ಟವಳು ಗೆಳತಿ ಕ್ರುವಾ. ಮಕ್ಕಳು ಬೆರಗಿನಿಂದ ಬಾಯಿಬಿಟ್ಟು ನೋಡುತ್ತಿದ್ದರೆ ಆ ಬೆರಗಿನ ಜೊತೆಗೆ ಅವರೊಳಗಿನ ಮಾಟದ ಕಸುವೂ ಸೋರಿಹೋಗುತ್ತಿತ್ತು. ಅದು ಗೊತ್ತಾದ ದಿನ ಚಾರಿಯಟ್ ಸಿಟ್ಟು, ಸಂಕಟಗಳಲ್ಲಿ ಹೊಡೆದ ಹೊಡೆತಕ್ಕೆ ಚಂದ್ರನ ಮೇಲೆ ಗಾಯ ಬಿತ್ತು. ಅಂದಿನಿಂದ ವೇಷ ಮರೆಸಿ ಲೂನಾ ನೋವಾದಲ್ಲಿ ಉರ್ಸುಲಾ ಎಂಬ ಪೆದ್ದು ಪೆದ್ದು ಮೇಡಂ ಆಗಿ ಕೂತಿದ್ದಾಳೆ. ಅಕ್ಕೊಗೆ ಬೇರೆ ಯಾರೂ ಹೇಳಿಕೊಡದ ಪಾಠವನ್ನು ತಾಳ್ಮೆಯಿಂದ ಹೇಳಿಕೊಟ್ಟವಳು ಅವಳೇ. ಅಕ್ಕೊಗೆ ಹಾರುವ ಆಸೆ ಹುಟ್ಟಿದ ರಾತ್ರಿಯೇ ಹಾರುವ ಶಕ್ತಿ ಹೋಯಿತು. ಕೊಟ್ಟವಳೂ ಕಸಿದವಳೂ ಒಬ್ಬಳೇ.

ಮಕ್ಕಳ ಕತೆಗೆ ಇದು ಭಾರವಾದ ಮಾತು. ನಡುರಾತ್ರಿ ಯಾಕೆ ಎಂಬುದಕ್ಕೆ ವಾಸ್ತವದ ಉತ್ತರ ಜಪಾನಿನ ಟಿ.ವಿ. ವ್ಯಾಪಾರದಲ್ಲಿದೆ: ದೊಡ್ಡವರು ನೋಡುವ, ಡಿಸ್ಕ್ ಕೊಳ್ಳುವ ಅನಿಮೆಗೆ ಅದೇ ವೇಳೆ. ಆದರೆ ಈ ಗುಟ್ಟು ನಾಟುವುದೂ ಅಂಥ ವೇಳೆಯಲ್ಲಿ ಎದ್ದಿರುವವರಿಗೇ. ನನಗೆ ತಟ್ಟನೆ ನೆನಪಾದದ್ದು ದೋಗಾ ಮೇಜುಗಳು. ಪರದೆಯ ಬೆರಗು ಮಕ್ಕಳನ್ನು ಕರೆಯುತ್ತದೆ. ಕರೆಗೆ ಓಗೊಟ್ಟು ಬಂದವರ ಕಣ್ಣು, ಬೆನ್ನು, ಇಪ್ಪತ್ತರ ಹರೆಯ ಎಲ್ಲವನ್ನೂ ಅದೇ ಬೆರಗು ತನ್ನ ಮುಂದಿನ ಕಂತಿಗೆ ಇಂಧನ ಮಾಡಿಕೊಳ್ಳುತ್ತದೆ. ಕತೆಗಾರರು ಇದನ್ನೇ ಮನಸ್ಸಿನಲ್ಲಿಟ್ಟು ಬರೆದರೆಂದು ನಾನು ಸಾಧಿಸಲು ಹೋಗುವುದಿಲ್ಲ. ಆದರೆ ಆ ಉದ್ಯಮದೊಳಗೆ ಕೂತವರು ಇಂಥದೊಂದು ಗುಟ್ಟನ್ನು ಕೈ ನಡುಗದೆ ಬರೆದಿರಲಾರರು.

ಚಾರಿಯಟ್‌ಳ ಗುಟ್ಟು ಕೇಳಿದ ಅಕ್ಕೊ ಕುಸಿದು, ಶಾಲೆ ಬಿಟ್ಟು ಹೊರಟಾಗ ಹುಡುಕಿ ಬರುವವಳು ಡಯಾನಾ. ಆ ಪ್ರದರ್ಶನಕ್ಕೆ ಚಿಕ್ಕ ಡಯಾನಾಳೂ ಹೋಗಿದ್ದಳು. ಅವಳ ಶಕ್ತಿಯೂ ಹೋಗಿತ್ತು. ಹಟಕ್ಕೆ ಬಿದ್ದು, ಅಭ್ಯಾಸ ಮಾಡಿ ಮಾಡಿ ಮರಳಿ ಪಡೆದವಳು. ನಾವು ಇಪ್ಪತ್ತು ಕಂತು 'ಹುಟ್ಟು ಜಾಣೆ' ಎಂದುಕೊಂಡು ನೋಡಿದವಳು ಸೊನ್ನೆಯಿಂದ ಎದ್ದು ಬಂದವಳು. ಮನೆತನ ಇತ್ತು, ಪುಸ್ತಕ ಇತ್ತು, ಹೇಳಿಕೊಡುವವರಿದ್ದರು. ಆ ಅನುಕೂಲ ಅಕ್ಕೊಗಿರಲಿಲ್ಲ ಎಂಬುದೂ ನಿಜ. ಇತ್ತ ಕ್ರುವಾ ನಿಜವಾದ ಪ್ರತಿಭಾವಂತೆ. ಪುರಾತನ ಮಂತ್ರದಂಡ ತನ್ನನ್ನೇ ಆರಿಸುತ್ತದೆಂದು ನಂಬಿದ್ದವಳು. ಅದು ಚಾರಿಯಟ್‌ಳನ್ನು ಆರಿಸಿತು. ಪ್ರತಿಭೆಯಿದ್ದೂ ಬೇಡವಾದವಳ ಹೊಟ್ಟೆಕಿಚ್ಚು ಕೊನೆಯ ಕಂತುಗಳ ಬೆಂಕಿ. ಪ್ರತಿಭೆ ಇದೆ, ಇಲ್ಲ ಎಂದು ನಾವು ಗೆರೆ ಎಳೆದಿಟ್ಟ ಕಡೆಯಲ್ಲೆಲ್ಲ ಕತೆ ಆ ಗೆರೆಯನ್ನು ಅಳಿಸಿಹಾಕುತ್ತದೆ.

ಸರಣಿಯಲ್ಲಿ ಹುಳುಕಿಲ್ಲ ಎಂದಲ್ಲ. ಫುಟ್‌ಬಾಲ್ ಪಂದ್ಯದ ಜಗಳ ಬೆಳೆದು ಕ್ಷಿಪಣಿ ಹಾರುವ ಕೊನೆಯ ಭಾಗ ನನಗೆ ರುಚಿಸಲಿಲ್ಲ. ಶಾಲೆಯ ಅಂಗಳದಲ್ಲಿ ಬೀಳುವ, ಏಳುವ ಕತೆಗೆ ಲೋಕ ಉಳಿಸುವ ಹೊರೆ ಯಾಕೆ? ಚಾರಿಯಟ್‌ಳ ಆ ಮಂತ್ರದಂಡ ಅಕ್ಕೊಳ ಕೈಗೆ ಬಂದು ಬೀಳುವುದೂ ಕಿರಿಕಿರಿಯೇ. ಪ್ರತಿಭೆಯಿಲ್ಲದ ನಾಯಕನಿಗೆ ಒಳಗಿಂದೊಳಗೆ ದೊಡ್ಡ ಅಸ್ತ್ರವೊಂದನ್ನು ದಾಟಿಸುವುದು ಅನಿಮೆಯ ಹಳೇ ಚಟ. 'ಬ್ಲ್ಯಾಕ್ ಕ್ಲೋವರ್'ನ ಆಸ್ತಾ ಮಾಟವಿಲ್ಲದೆ ಹುಟ್ಟುತ್ತಾನೆ, ಮಾಟವನ್ನೇ ಕತ್ತರಿಸುವ ಕತ್ತಿ ಸಿಗುತ್ತದೆ. 'ಮ್ಯಾಶಲ್'ನ ಹುಡುಗ ರಟ್ಟೆಬಲದಿಂದಲೇ ಮಂತ್ರಗಳನ್ನು ಗುದ್ದಿಹಾಕುತ್ತಾನೆ, ಅದು ತಮಾಷೆಗೆ. ಅಕ್ಕೊಳ ದಂಡ ಅವಳನ್ನು ಆ ಸಾಲಿಗೆ ತಳ್ಳಬಹುದಿತ್ತು. ತಳ್ಳದಿರಲು ಕಾರಣ, ಕೆಲಸ ಮುಗಿದ ಮೇಲೆ ದಂಡ ಅವಳ ಕೈಯಲ್ಲಿ ಉಳಿಯುವುದಿಲ್ಲ. ಲೋಕ ಉಳಿಸಿದವಳು ಮಾರನೇ ದಿನ ಮತ್ತೆ ಪೊರಕೆ ಹಿಡಿದು ನಿಲ್ಲಬೇಕು, ಅದು ಮತ್ತೆ ಸುಲಭಕ್ಕೆ ಏಳುವುದಿಲ್ಲ.

ನನ್ನನ್ನು ಕೇಳಿದರೆ ಸರಣಿಯ ತಿರುಳು ಆ ಕ್ಷಿಪಣಿಯಲ್ಲಿಲ್ಲ, 12 ಮತ್ತು 13ನೇ ಕಂತಿನಲ್ಲಿದೆ. ಶಾಲೆಯ ಸೌವಿನ್ ಹಬ್ಬದಲ್ಲಿ ಅಕ್ಕೊಗೆ ಸಿಗುವುದು ಬಲಿಯಾಗುವ ಪಾತ್ರ. ವಜರ್ವಾ ಎಂಬ ದುಃಖದ ಭೂತಕ್ಕೆ ವರ್ಷವೂ ಒಬ್ಬ ಹುಡುಗಿ ಆಹಾರವಾದಂತೆ ನಟಿಸಬೇಕು. ಯಾರಿಗೂ ಬೇಡದ ಪಾತ್ರ. ಅವಳು ಉರ್ಸುಲಾ ಮೇಡಂ ಬಳಿ ಕೂತು ರೂಪ ಬದಲಿಸುವುದನ್ನು ಕಲಿಯುತ್ತಾಳೆ, ಎಷ್ಟೋ ಸಲ ಕೆಡಿಸುತ್ತಾಳೆ. ಹಬ್ಬದ ದಿನ ಮಾಡುವುದೇನು? ಪ್ರಾಣಿಗಳ ರೂಪ ತಾಳಿ ಕೋಡಂಗಿಯಾಗಿ ಭೂತವನ್ನು ನಗಿಸಲು ನೋಡುತ್ತಾಳೆ. ತಲೆಮಾರುಗಳಿಂದ ದೊಡ್ಡ ದೊಡ್ಡ ಮಾಟಗಾತಿಯರು ಸಮಾಧಾನ ಮಾಡಿ ಮಲಗಿಸುತ್ತಿದ್ದ ಭೂತವನ್ನು ನಗಿಸಬಹುದೆಂದು ಯಾರಿಗೂ ಹೊಳೆದಿರಲಿಲ್ಲ. ಅವಳಿಗೆ ಹೊಳೆಯಿತು, ಯಾಕೆಂದರೆ ಅವಳು ಬಂದದ್ದು ಇಂದ್ರಜಾಲದವರ ಕಡೆಯಿಂದ. ಎದುರಿಗಿರುವವರು ನಗಬೇಕು ಎಂಬುದು ಅವಳಿಗೆ ಮೊದಲ ಪಾಠ. ಇದಕ್ಕೆ ಪ್ರತಿಭೆ ಎನ್ನುವುದಾದರೆ ಎನ್ನಿ. ಲೂನಾ ನೋವಾದ ಅಂಕಪಟ್ಟಿಯಲ್ಲಿ ಅದಕ್ಕೆ ಕಾಲಮ್ಮಿಲ್ಲ.

ಇದೇ ನೆಲದಲ್ಲಿ ಬೆಳೆದ ಇನ್ನೊಂದು ಕತೆಯ ಹೆಸರು ಹೇಳಿಬಿಡುತ್ತೇನೆ: ಕಮೊಮೆ ಶಿರಾಹಾಮಾ 2016ರಿಂದ ಬರೆಯುತ್ತಿರುವ ಮಾಂಗಾ ಕಾಮಿಕ್ಸ್ 'ವಿಚ್ ಹ್ಯಾಟ್ ಅಟೆಲಿಯರ್'. ಅದರ ಕೊಕೊ ದರ್ಜಿ ಅಂಗಡಿಯವಳ ಮಗಳು, ಮಾಟಗಾತಿಯಾಗಿ ಹುಟ್ಟಿದವಳಲ್ಲ. ಆ ಲೋಕದಲ್ಲಿ ಮಾಟ ಅಂದರೆ ಹುಟ್ಟುಶಕ್ತಿ ಎಂದು ಜನರನ್ನು ನಂಬಿಸಿಟ್ಟಿದ್ದಾರೆ. ಅಸಲಿಗೆ ಅದು ಶಾಯಿಯಲ್ಲಿ ಅದ್ದಿದ ಪೆನ್ನಿನಿಂದ ಬರೆಯುವ ಚಿತ್ರ. ಗೆರೆ ಸರಿಯಿದ್ದರೆ ಯಾರು ಬರೆದರೂ ಫಲಿಸುತ್ತದೆ. ಮಾಟ ಎಂದರೆ ಚಿತ್ರ ಬರೆಯುವುದೇ ಎಂದು ಬಾಯಿಬಿಟ್ಟೇ ಹೇಳಿಬಿಟ್ಟ ಕತೆ ಅದು.

ಇಷ್ಟೆಲ್ಲ ಮನಸ್ಸಿನಲ್ಲಿ ಜೋಡಿಸಿಕೊಂಡು ಮಾರನೆಯ ದಿನ ಅಣ್ಣನ ಮಗಳಿಗೆ ಉತ್ತರ ಹೇಳಲು ಹೋದೆ. ಹಾರಿದ್ದು ಒಂದೇ ಗೇಣಾದರೂ ಅದು ಕಸಿದುಕೊಂಡು ಹೋದವರಿಂದ ವಾಪಸು ತಂದ ಗೇಣು, ಅದಕ್ಕೆ ಬೆಲೆ ಜಾಸ್ತಿ ಎಂದೆ. "ಹೂಂ" ಅಂದಳು. ಆ ಹೂಂ ಎಂಥದೆಂದು ಮಕ್ಕಳ ಜೊತೆ ಮಾತಾಡಿ ಗೊತ್ತಿರುವವರಿಗೆ ಹೇಳಬೇಕಾಗಿಲ್ಲ. ಅವಳಿಗೆ ಇಷ್ಟವಾದ ಕಂತೇ ಬೇರೆಯಂತೆ: ನಾಲ್ಕನೆಯದು.

ಅದರಲ್ಲಿ ಅಕ್ಕೊಳ ಕೋಣೆಯ ಗೆಳತಿಯ ಕತೆಯಿದೆ. ಫಿನ್‌ಲ್ಯಾಂಡಿನ ಕನ್ನಡಕದ ಹುಡುಗಿ, ಹೆಸರು ಲೊಟ್ಟೆ. (ಕರಾವಳಿಯವರು ನಗಬಾರದು, ಅವಳು ಸುಳ್ಳು ಹೇಳುವವಳಲ್ಲ.) 'ನೈಟ್ ಫಾಲ್' ಎಂಬ 365 ಸಂಪುಟಗಳ ಕಾದಂಬರಿಮಾಲೆಯ ಪರಮಭಕ್ತೆ. ಅದನ್ನು ಬರೆಯುತ್ತಿರುವುದು ಒಬ್ಬರಲ್ಲ. ಮಾಟದ ಲೇಖನಿಯೊಂದು ಕೈಯಿಂದ ಕೈಗೆ ದಾಟುತ್ತಾ ಬಂದಿದೆ. ಈಗಿನ ಲೇಖಕಿ ಸೋತು ಕೂತಿದ್ದಾಳೆ, ಓದುಗರು ಬೈಯುತ್ತಿದ್ದಾರೆ. ಲೇಖನಿ ಲೊಟ್ಟೆಯ ಮುಂದೆ ಬರುತ್ತದೆ: ಮುಂದಿನ ಲೇಖಕಿ ನೀನೇ ಆಗು. ಅಕ್ಕೊ ಆಗಿದ್ದರೆ ಕೈ ಸಮೇತ ಕಿತ್ತುಕೊಳ್ಳುತ್ತಿದ್ದಳು. ಲೊಟ್ಟೆ ಬೇಡ ಎನ್ನುತ್ತಾಳೆ. ಅವಳಿಗೆ ಬರೆಯುವುದು ಬೇಕಿಲ್ಲ. ಓದುವುದು ಬೇಕು, ಬರೆಯುವವರ ಬೆನ್ನಿಗೆ ನಿಲ್ಲುವುದು ಬೇಕು. ಲೇಖನಿ ಹಳೆಯ ಲೇಖಕಿಯ ಬಳಿಯೇ ಉಳಿಯುತ್ತದೆ. ಅಕ್ಕೊಗೆ ಇದು ಅರ್ಥವಾಗುವುದಕ್ಕೆ ಸ್ವಲ್ಪ ಹೊತ್ತು ಬೇಕಾಗುತ್ತದೆ. ನನಗೂ ಬೇಕಾಯಿತು.

ಮೊನ್ನೆ ಅಣ್ಣನ ಮಗಳ ಚಿತ್ರದ ಪುಸ್ತಕ ತಿರುವಿದೆ. ಕೊನೆಯ ದೃಶ್ಯವನ್ನು ಬರೆದಿದ್ದಾಳೆ. ಪೊರಕೆಯೂ ಹಾರುವ ಹುಡುಗಿಯೂ ಹಾಳೆಯ ಮೂಲೆಯಲ್ಲಿ ಸಣ್ಣಗೆ, ಗಡಿಬಿಡಿಯ ಗೆರೆಗಳಲ್ಲಿ. ನಡುವಿನ ಜಾಗವೆಲ್ಲ ಕನ್ನಡಕದ ಹುಡುಗಿಗೆ. ಚಪ್ಪಾಳೆ ತಟ್ಟುತ್ತಿರುವ ಎರಡು ಕೈಗಳ ಬೆರಳು ಸರಿಬಾರದೆ ನಾಲ್ಕೈದು ಸಲ ಅಳಿಸಿ ಬರೆದಿದ್ದಾಳೆ. ಅಲ್ಲಿ ಕಾಗದ ತೆಳುವಾಗಿ, ಹಿಂದಿನ ಪುಟದ ಗಣಿತ ಕಾಣುತ್ತಿತ್ತು.